ಉಪೇಂದ್ರನಾಥ ಬ್ರಹ್ಮಚಾರಿ

ಸರ್ ಉಪೇಂದ್ರನಾಥ ಬ್ರಹ್ಮಚಾರಿ (1873–1946) ಬಂಗಾಳದ ಪ್ರಸಿದ್ಧ ವೈದ್ಯರು ಹಾಗೂ ವಿಜ್ಞಾನಿ. ಕಾಲಾ ಅಜಾರ್ ರೋಗಕ್ಕೆ ಯೂರಿಯಾ ಸ್ಟಿಬಮೈನ್ ಎಂಬ ಔಷಧವನ್ನು ಕಂಡುಹಿಡಿದವರು. ಸುಸಜ್ಜಿತ ಪ್ರಯೋಗಾಲಯವೇ ಇಲ್ಲದ ಆಸ್ಪತ್ರೆಯೊಂದರಿಂದ ಅವರು ಪ್ರಕಟಿಸಿದ ಸಂಶೋಧನಾ ಲೇಖನಗಳು ಭಾರತದ ವೈದ್ಯಕೀಯ ಇತಿಹಾಸದಲ್ಲಿ ವಿಶೇಷ ಸ್ಥಾನ ಪಡೆದಿವೆ.

ಶಿಕ್ಷಣ

ತಂದೆ ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ವೈದ್ಯರಾಗಿದ್ದುದರಿಂದ ಬ್ರಹ್ಮಚಾರಿಯವರ ಶಾಲಾ ವಿದ್ಯಾಭ್ಯಾಸ ಬಿಹಾರದ ಜಮಾಲ್‌ಪುರದಲ್ಲಿ ನಡೆಯಿತು. 1893ರಲ್ಲಿ ಹೂಗ್ಲಿ ಕಾಲೇಜಿನಿಂದ ಬಿ.ಎ. ಪದವಿಯನ್ನೂ ಮರುವರ್ಷ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಿಂದ ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಬಳಿಕ ವೈದ್ಯಶಾಸ್ತ್ರಕ್ಕೆ ತಿರುಗಿ, 1902ರಲ್ಲಿ ಎಂ.ಡಿ. ಆದರು. 1904ರಲ್ಲಿ ಕೆಂಪು ರಕ್ತಕಣಗಳ ನಾಶವನ್ನು ಕುರಿತ ಪ್ರಬಂಧಕ್ಕೆ ಪಿಎಚ್.ಡಿ. ದೊರೆಯಿತು. ವೈದ್ಯನೊಬ್ಬನಿಗೆ ಇಷ್ಟು ರಸಾಯನಶಾಸ್ತ್ರದ ತರಬೇತಿ ಇದ್ದುದು ಆ ಕಾಲಕ್ಕೆ ಅಪರೂಪ. ಮುಂದಿನ ಸಾಧನೆಗೆ ಅದೇ ಬುನಾದಿಯಾಯಿತು.

ಕ್ಯಾಂಪ್‌ಬೆಲ್ ಆಸ್ಪತ್ರೆ

ಢಾಕಾದಲ್ಲಿ ಕೆಲವು ವರ್ಷ ಕೆಲಸ ಮಾಡಿ, 1905ರಲ್ಲಿ ಕಲ್ಕತ್ತೆಯ ಕ್ಯಾಂಪ್‌ಬೆಲ್ ವೈದ್ಯಕೀಯ ಶಾಲೆಗೆ ಅಧ್ಯಾಪಕರೂ ವೈದ್ಯರೂ ಆಗಿ ಬಂದರು. ಅದು ಕಾಲೇಜಲ್ಲ, ಶಾಲೆ. ಪ್ರತಿಷ್ಠೆಯೂ ಹೆಚ್ಚಿನ ಅನುಕೂಲಗಳೂ ಇದ್ದುದು ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿ. ಅಲ್ಲಿನ ಉನ್ನತ ಹುದ್ದೆಗಳು ಬಹುಮಟ್ಟಿಗೆ ಇಂಡಿಯನ್ ಮೆಡಿಕಲ್ ಸರ್ವೀಸಿನ ಬ್ರಿಟಿಷ್ ಅಧಿಕಾರಿಗಳಿಗೆ ಮೀಸಲಾಗಿದ್ದವು. ಕ್ಯಾಂಪ್‌ಬೆಲ್‌ನಲ್ಲಿ ಬ್ರಹ್ಮಚಾರಿಯವರಿಗೆ ದೊರೆತ ಪ್ರಯೋಗಶಾಲೆ ಒಂದು ಪುಟ್ಟ ಕೋಣೆ. ಅದರಲ್ಲಿ ಅನಿಲ ಸಂಪರ್ಕವಾಗಲಿ, ನಲ್ಲಿಯಾಗಲಿ, ವಿದ್ಯುದ್ದೀಪವಾಗಲಿ ಇರಲಿಲ್ಲ. ರಾತ್ರಿಯ ಕೆಲಸ ಸೀಮೆಎಣ್ಣೆಯ ಲಾಟೀನಿನ ಬೆಳಕಿನಲ್ಲಿಯೇ ಸಾಗುತ್ತಿತ್ತು.

ಆದರೆ ಆ ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೊರತೆಯಿರಲಿಲ್ಲ. ಮರಳು ನೊಣದಿಂದ ಹರಡುವ ಕಾಲಾ ಅಜಾರ್ ಆಗ ಬಂಗಾಳ, ಅಸ್ಸಾಂಗಳಲ್ಲಿ ಹಳ್ಳಿಗೆ ಹಳ್ಳಿಯನ್ನೇ ಬರಿದು ಮಾಡುತ್ತಿತ್ತು. ಬಹುಕಾಲದ ಜ್ವರ, ಊದಿದ ಗುಲ್ಮ, ಕ್ಷೀಣಿಸಿದ ದೇಹ ಇವು ಅದರ ಲಕ್ಷಣಗಳು. ಚಿಕಿತ್ಸೆ ಸಿಗದವರಲ್ಲಿ ಬಹುತೇಕರು ಸಾಯುತ್ತಿದ್ದರು. 1915ರಿಂದ ಬಳಕೆಗೆ ಬಂದ ಟಾರ್ಟರ್ ಎಮೆಟಿಕ್ ಚುಚ್ಚುಮದ್ದು ಗುಣ ನೀಡಿದರೂ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಬೇಕಿತ್ತು, ವಿಷಪರಿಣಾಮಗಳೂ ಇದ್ದವು.

1919ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ (ಇಂದಿನ ಐ.ಸಿ.ಎಂ.ಆರ್.) ನೀಡಿದ ಧನಸಹಾಯದಿಂದ ಆಂಟಿಮನಿಯ ಸಾವಯವ ಸಂಯುಕ್ತಗಳನ್ನು ತಯಾರಿಸುವ ಕಾರ್ಯ ಆರಂಭವಾಯಿತು. ಹಲವು ಪ್ರಯೋಗಗಳ ನಂತರ ದೊರೆತದ್ದೇ ಯೂರಿಯಾ ಸ್ಟಿಬಮೈನ್. ಔಷಧವನ್ನು ತಯಾರಿಸುವವರೂ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಅದರ ಫಲವನ್ನು ನೋಡುವವರೂ ಒಬ್ಬರೇ ಆಗಿದ್ದುದು ಇಲ್ಲಿನ ವೈಶಿಷ್ಟ್ಯ. ಫಲಿತಾಂಶಗಳು 1922ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯಲ್ಲಿ ಪ್ರಕಟವಾದವು. ಕಾಲಾ ಅಜಾರ್ ವಾಸಿಯಾದ ಮೇಲೆ ಚರ್ಮದಲ್ಲಿ ಕಾಣಿಸಿಕೊಳ್ಳುವ ವಿಕಾರವನ್ನೂ ಅದೇ ವರ್ಷ ಅವರು ಮೊದಲ ಬಾರಿಗೆ ವಿವರಿಸಿದರು. ಇಂಥ ವಿಕಾರ ಕಣ್ಣಿಗೆ ಬೀಳಬೇಕಾದರೆ ಗುಣಮುಖರಾದವರನ್ನೂ ಗಮನಿಸುತ್ತಿರಬೇಕು.

ನಂತರದ ಜೀವನ

1923ರಲ್ಲಿ ಅವರು ಕಲ್ಕತ್ತಾ ವೈದ್ಯಕೀಯ ಕಾಲೇಜಿಗೆ ವರ್ಗವಾಗಿ, 1927ರಲ್ಲಿ ಸರ್ಕಾರಿ ಸೇವೆಯಿಂದ ನಿವೃತ್ತರಾದರು. ಸ್ವಂತ ಹಣದಿಂದ ಬ್ರಹ್ಮಚಾರಿ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಕಾಲಾ ಅಜಾರ್ ಕುರಿತ ಅವರ ಬೃಹತ್ ಗ್ರಂಥ 1928ರಲ್ಲಿ ಹೊರಬಂದಿತು. 1929ರಲ್ಲಿ ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಸೂಚಿತವಾದರೂ ಪ್ರಶಸ್ತಿ ದೊರೆಯಲಿಲ್ಲ. 1934ರಲ್ಲಿ ಸರ್ ಪದವಿ ಲಭಿಸಿತು. 1936ರಲ್ಲಿ ಇಂದೂರಿನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದರು. 1946ರ ಫೆಬ್ರವರಿ 6ರಂದು ನಿಧನರಾದರು. ಅವರು ದುಡಿದ ಕ್ಯಾಂಪ್‌ಬೆಲ್ ಶಾಲೆ ಈಗ ನೀಲರತನ್ ಸರ್ಕಾರ್ ವೈದ್ಯಕೀಯ ಕಾಲೇಜು ಎಂಬ ಹೆಸರಿನಲ್ಲಿದೆ.