ಹಿಮಸರೋವರದ ಪಥಿಕರು

ಪುಣೆಯ ಚಳಿಗೆ ಪಾಷಾಣ ಕೆರೆಯ ನೀರು ಹೆಪ್ಪುಗಟ್ಟದು. ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದವರು ಸ್ವಾಮಿ ಪ್ರಣವಾನಂದರು. 1896ರಲ್ಲಿ ಆಂಧ್ರದ ಗೋದಾವರಿ ಸೀಮೆಯಲ್ಲಿ ಜನಿಸಿದ ಅವರು ಲಾಹೋರಿನಲ್ಲಿ ವ್ಯಾಸಂಗ ಮಾಡಿ, ರೈಲ್ವೆ ಕಚೇರಿಯಲ್ಲಿ ದುಡಿದು, ಅಸಹಕಾರ ಚಳವಳಿಯಲ್ಲಿ ತೊಡಗಿ, ತರುವಾಯ ಸಂನ್ಯಾಸಿಗಳಾದರು. ಯಾತ್ರಿಕರು ಬೇಸಗೆಯಲ್ಲಿ ಮಿಂದು ಮರಳುತ್ತಿದ್ದ ಮಾನಸಸರೋವರದ ದಡದಲ್ಲಿ, ಸುಮಾರು 15,000 ಅಡಿ ಎತ್ತರದಲ್ಲಿ, ಅವರು 1936-37ರ ಚಳಿಗಾಲವನ್ನು ಕಳೆದು, ನೀರು ಹಿಮಗಡ್ಡೆಯಾಗುವುದನ್ನೂ ಗಡ್ಡೆ ಬಿರಿಯುವುದನ್ನೂ ಗಮನಿಸಿ ಬರೆದಿಟ್ಟರು. ನೆರೆಯ ರಾಕ್ಷಸತಾಲದ ಹಿಮಗಡ್ಡೆಯ ಮೇಲೆ 1937ರಲ್ಲಿ ನಡೆದು ಅದರ ದ್ವೀಪಗಳನ್ನು ಮುಟ್ಟಿದರು. ಕಾಲ ಕೆಳಗೆ ಬಿರುಕು ಬಾಯ್ದೆರೆದಿದ್ದರೆ ಪ್ರಾಣವೇ ಹೋಗುತ್ತಿತ್ತು. 1939ರಲ್ಲಿ ಕಲಕತ್ತಾ ವಿಶ್ವವಿದ್ಯಾಲಯವು ಅವರ ಸಂಶೋಧನೆಯನ್ನು ಪ್ರಕಟಿಸಿತು. 1976ರಲ್ಲಿ ಪದ್ಮಶ್ರೀ ಸಂದಿತು. 1989ರಲ್ಲಿ ಅವರು ದೇಹತ್ಯಾಗ ಮಾಡಿದರು. ತಾವು ಪೂಜಿಸಿದ ಜಲವನ್ನೇ ಅಳೆದು ಅರಿತ ಅವರ ಬಾಳು, ಭಕ್ತಿಗೂ ಪರಿಶೀಲನೆಗೂ ವಿರೋಧವಿಲ್ಲವೆಂಬುದಕ್ಕೆ ನಿದರ್ಶನ.