ಸ್ವಾಮಿ ರಾಮಾನಂದ ತೀರ್ಥ

ಸ್ವಾಮಿ ರಾಮಾನಂದ ತೀರ್ಥ (3 ಅಕ್ಟೋಬರ್ 1903 – 22 ಜನವರಿ 1972) ಅವರು ಹೈದರಾಬಾದ್ ವಿಮೋಚನಾ ಚಳವಳಿಯ ಅಗ್ರಗಣ್ಯ ನಾಯಕರು, ಶಿಕ್ಷಕರು, ಸಂನ್ಯಾಸಿಗಳು ಹಾಗೂ ಮೊದಲ ಲೋಕಸಭೆಯಲ್ಲಿ ಕಲಬುರಗಿ ಕ್ಷೇತ್ರದ ಸದಸ್ಯರು. ತಾವು ಯಾವ ರಾಜ್ಯದಿಂದ ಆಯ್ಕೆಯಾಗಿದ್ದರೋ ಆ ರಾಜ್ಯವೇ ಭಾಷಾನುಸಾರವಾಗಿ ವಿಸರ್ಜನೆಗೊಳ್ಳಬೇಕೆಂದು ಪ್ರತಿಪಾದಿಸಿದವರು.

ಬಾಲ್ಯ ಮತ್ತು ಅಧ್ಯಾಪನ

ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. ಕನ್ನಡ ಮತ್ತು ಮರಾಠಿಗಳು ಬೆರೆತಿರುವ ಕಲಬುರಗಿ–ಸಿಂದಗಿ ಸೀಮೆಯಲ್ಲಿ ಜನಿಸಿದರು. ಸೊಲ್ಲಾಪುರದಲ್ಲಿ ಓದುತ್ತಿದ್ದಾಗ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಸರಕಾರಿ ಶಾಲೆಯನ್ನು ತೊರೆದರು. ಮುಂದೆ ಪುಣೆಯ ತಿಲಕ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಉನ್ನತ ಶಿಕ್ಷಣ ಪಡೆದು, ಕಾರ್ಮಿಕ ಧುರೀಣ ಎನ್. ಎಂ. ಜೋಶಿ ಅವರ ಬಳಿ ಕೆಲಸ ಮಾಡಿದರು. 1929ರಲ್ಲಿ ನಿಜಾಮ ಸಂಸ್ಥಾನದ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾ ಗ್ರಾಮದ ರಾಷ್ಟ್ರೀಯ ಶಾಲೆಗೆ ಬಂದರು. 1932ರಲ್ಲಿ ಸಂನ್ಯಾಸ ಸ್ವೀಕರಿಸಿದರೂ ಪಾಠ ಹೇಳುವುದನ್ನು ಬಿಡಲಿಲ್ಲ. ಕೆಲಕಾಲದ ನಂತರ ಅಂಬಾಜೋಗಾಯಿಯ ಶಾಲೆಗೆ ತೆರಳಿ ಅಲ್ಲಿಯೂ ಬೋಧಿಸಿದರು. ಉರ್ದು ಆಡಳಿತ ಭಾಷೆಯಾಗಿದ್ದ, ಖಾಸಗಿ ಶಾಲೆ ತೆರೆಯಲೂ ಅನುಮತಿ ಬೇಕಾಗಿದ್ದ ಆ ಸಂಸ್ಥಾನದಲ್ಲಿ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸುವುದೇ ಒಂದು ರಾಜಕೀಯ ಕಾರ್ಯವಾಗಿತ್ತು. ಅವರ ಮುಂದಿನ ನಿಲುವುಗಳ ಬೇರು ಈ ಶಾಲೆಗಳಲ್ಲಿಯೇ ಇದೆ ಎನ್ನಬಹುದು.

ವಿಮೋಚನಾ ಹೋರಾಟ

ಮರಾಠವಾಡ, ತೆಲಂಗಾಣ ಹಾಗೂ ಕನ್ನಡದ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ನಿಜಾಮನ ಆಳ್ವಿಕೆಯಲ್ಲಿದ್ದವು. ಇಂದು ಕೊಪ್ಪಳ ಜಿಲ್ಲೆಯಲ್ಲಿರುವ ಹುಲಿಹೈದರ, ಕನಕಗಿರಿ, ಕುಷ್ಟಗಿ ಮೊದಲಾದ ಊರುಗಳೂ ಅದೇ ಸಂಸ್ಥಾನದ ಪ್ರಜೆಗಳ ನೆಲೆಗಳು. ಸಭೆ ಸೇರಲು ಮುಂಗಡ ಅಪ್ಪಣೆ ಬೇಕೆನ್ನುವ ‘ಗಸ್ತಿ ನಿಶಾನ್ 53’ ಎಂಬ ಆಜ್ಞೆ ಜಾರಿಯಲ್ಲಿತ್ತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ವಿಧ್ಯುಕ್ತವಾಗಿ ಸ್ಥಾಪನೆಯಾಗುವ ಮೊದಲೇ ಅದರ ಮೇಲೆ ನಿಷೇಧ ಬಿದ್ದಿತು. ಅದನ್ನು ಮುರಿದು ಸತ್ಯಾಗ್ರಹ ನಡೆಸಿದ ಸ್ವಾಮೀಜಿ ಸೆರೆಮನೆ ಸೇರಿದರು. ನಂತರವೂ ಹಲವು ಸಲ ಬಂಧಿತರಾದರು. ನಿಷೇಧ ತೆರವಾದುದು 1946ರಲ್ಲಿ. ಮರುವರ್ಷ ಅವರ ನೇತೃತ್ವದಲ್ಲಿ ಭಾರತ ಒಕ್ಕೂಟಕ್ಕೆ ಸೇರುವ ಚಳವಳಿ ಆರಂಭವಾಯಿತು. ಗಡಿಯಾಚೆಯ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರಗಳು ಎದ್ದದ್ದು ಇದೇ ಹೋರಾಟದ ಅಂಗವಾಗಿ. 1948ರ ಸೆಪ್ಟೆಂಬರ್ 17ರಂದು ನಿಜಾಮನು ಶರಣಾದ ಮೇಲೆ ಸ್ವಾಮೀಜಿಗೆ ಬಿಡುಗಡೆ ದೊರೆಯಿತು.

ಲೋಕಸಭೆಯಲ್ಲಿ

1952ರ ಚುನಾವಣೆಯಲ್ಲಿ ಹೈದರಾಬಾದ್ ರಾಜ್ಯಕ್ಕೆ 25 ಲೋಕಸಭಾ ಸ್ಥಾನಗಳಿದ್ದವು. ಕಲಬುರಗಿಯಿಂದ ಕಾಂಗ್ರೆಸ್ಸಿನ ಸ್ವಾಮೀಜಿ ಆಯ್ಕೆಯಾದರು. ಇಂದಿನ ಕೊಪ್ಪಳ ಸೀಮೆಯ ಕುಷ್ಟಗಿ ಕ್ಷೇತ್ರದಿಂದ, ಮುಂಡರಗಿ ಶಿಬಿರದ ನಾಯಕರಾಗಿದ್ದ ಅಳವಂಡಿ ಶಿವಮೂರ್ತಿಸ್ವಾಮಿ ಪಕ್ಷೇತರರಾಗಿ ಗೆದ್ದುಬಂದರು. ಒಂದೇ ಹೋರಾಟದ ಇಬ್ಬರು ಸ್ವಾಮಿಗಳು ಹೀಗೆ ಒಂದೇ ಸದನದ ಬೇರೆ ಬೇರೆ ಪೀಠಗಳಲ್ಲಿ ಕುಳಿತರು.

ಆ ಕಾಲದ ಸದಸ್ಯರ ಮತದಾನವನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲ. ಸದನದ ಬಹುಪಾಲು ತೀರ್ಮಾನಗಳು ಧ್ವನಿಮತದಿಂದ ಆಗುತ್ತಿದ್ದವು. ಯಾಂತ್ರಿಕ ಮತದಾನ ವ್ಯವಸ್ಥೆ ಬಂದುದು 1957ರಲ್ಲಿ. ಮತ ವಿಭಜನೆಗೆ ಒತ್ತಾಯ ಬಂದಾಗ ಮತ್ತು ಸಂವಿಧಾನ ತಿದ್ದುಪಡಿಗಳಲ್ಲಿ ಮಾತ್ರ ಹೆಸರುಗಳು ದಾಖಲಾಗುತ್ತಿದ್ದವು. ಆಡಳಿತ ಪಕ್ಷದ ಸದಸ್ಯರಿಗೆ ಪಕ್ಷದ ಸಚೇತಕಾಜ್ಞೆಯೂ ಇರುತ್ತಿತ್ತು. ಆದುದರಿಂದ ಇವರ ನಿಲುವನ್ನು ಮತದ ಪಟ್ಟಿಗಿಂತ ಪಕ್ಷದೊಳಗಿನ ವಾದದಲ್ಲಿ ಹುಡುಕುವುದೇ ಯುಕ್ತ.

ಹೈದರಾಬಾದನ್ನು ಒಡೆಯುವುದು ಪ್ರಧಾನಿ ನೆಹರೂ ಅವರಿಗೆ ಮೊದಲಿಗೆ ಒಪ್ಪಿಗೆಯಾಗಿರಲಿಲ್ಲ. ರಾಜ್ಯದ ಕಾಂಗ್ರೆಸ್ಸಿನಲ್ಲಿಯೂ ಬೂರ್ಗುಲ ರಾಮಕೃಷ್ಣರಾವ್ ಅವರ ಬಣಕ್ಕೂ ಸ್ವಾಮೀಜಿಯ ಬಣಕ್ಕೂ ಹೊಂದಾಣಿಕೆ ಇರಲಿಲ್ಲ. ಮೂರು ಭಾಷೆಗಳ ಜನರು ತಮ್ಮ ತಮ್ಮ ನಾಡುಗಳನ್ನು ಸೇರಬೇಕೆಂಬ ಮಾತನ್ನು ಸ್ವಾಮೀಜಿ ಸಡಿಲಿಸಲಿಲ್ಲ. ಫಜಲ್ ಅಲಿ ಆಯೋಗವು 1955ರಲ್ಲಿ ಕಲಬುರಗಿ, ರಾಯಚೂರು ಜಿಲ್ಲೆಗಳನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತು. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯಂತೆ ಆ ವರ್ಷದ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಇಲ್ಲವಾಯಿತು. ಕಲಬುರಗಿ, ರಾಯಚೂರು, ಬೀದರಗಳು ಮೈಸೂರು ರಾಜ್ಯಕ್ಕೆ ಬಂದರೂ ಕೊಡಂಗಲ್, ತಾಂಡೂರು, ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೂ, ಉದಗಿರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ ಹೋದವು.

ಸ್ವಾಮೀಜಿಯ ಕಾರ್ಯಕ್ಷೇತ್ರ ಮುಖ್ಯವಾಗಿ ಮರಾಠವಾಡ. ಅವರ ಮತಕ್ಷೇತ್ರ ಮಾತ್ರ ಈಗ ಮೈಸೂರಿನಲ್ಲಿತ್ತು. 1957ರಲ್ಲಿ ಅವರು ಔರಂಗಾಬಾದಿನಿಂದ ಸ್ಪರ್ಧಿಸಿ ಎರಡನೆಯ ಲೋಕಸಭೆಗೆ ಆಯ್ಕೆಯಾದರು. ಕಲಬುರಗಿ ಆಗ ದ್ವಿಸದಸ್ಯ ಕ್ಷೇತ್ರವಾಗಿ, ಮಹಾದೇವಪ್ಪ ರಾಂಪುರೆ ಮತ್ತು ಶಂಕರದೇವ ಅಲ್ಲಿಂದ ಗೆದ್ದರು.

ಕೊನೆಯ ದಿನಗಳು

ನಾಂದೇಡದಲ್ಲಿ 1950ರಲ್ಲಿ ಪೀಪಲ್ಸ್ ಕಾಲೇಜಿನ ಸ್ಥಾಪನೆಗೆ ಕಾರಣರಾಗಿದ್ದ ಅವರು ಖಾದಿ ಮತ್ತು ಭೂದಾನ ಕಾರ್ಯಗಳಲ್ಲಿಯೂ ತೊಡಗಿದ್ದರು. ಹೋರಾಟದ ನೆನಪುಗಳ ಇಂಗ್ಲಿಷ್ ಗ್ರಂಥ 1967ರಲ್ಲಿ ಪ್ರಕಟವಾಯಿತು. ಮುಂದೆ ಪ್ರಧಾನಿಯಾದ ಪಿ. ವಿ. ನರಸಿಂಹರಾವ್ ಅವರ ಅನುಯಾಯಿಗಳಲ್ಲೊಬ್ಬರು. ಸ್ವಾಮೀಜಿಯ ಸ್ಮಾರಕ ಹೈದರಾಬಾದಿನ ಬೇಗಂಪೇಟೆಯಲ್ಲಿದೆ. 1994ರಲ್ಲಿ ಸ್ಥಾಪನೆಯಾದ ನಾಂದೇಡ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಲಾಗಿದೆ.