ಸಂತ ದಮಿಯಾನರ ಬಲಗೈ

ಸತ್ಕಾರ್ಯ ಮಾಡುವವರೆಲ್ಲರೂ ವಿಶ್ವಾಸಿಗಳೇ? ದೇವರನ್ನೇ ನಂಬದವರೂ ರೋಗಿಗಳ ಸೇವೆ ಮಾಡುವುದನ್ನು ನೀವು ಕಂಡಿರಬಹುದು. ಹಾಗಾದರೆ ಒಬ್ಬರ ಕ್ರಿಯೆಗಳನ್ನು ನೋಡಿ ಅವರ ವಿಶ್ವಾಸವನ್ನು ಅಳೆಯುವುದು ಹೇಗೆ? ಸಂತ ಯಾಕೋಬರ ಪತ್ರ ಓದುವಾಗಲೆಲ್ಲ ಏಳುವ ಈ ಪ್ರಶ್ನೆ, ಸ್ವಾಮಿ ದಮಿಯಾನರು ತೀರಿಕೊಂಡ ಕೆಲವೇ ತಿಂಗಳಲ್ಲಿ ಅವರ ಬಗ್ಗೆಯೇ ಎದ್ದಿತು.

ಅವರು ಹುಟ್ಟಿದ್ದು 1840ರ ಜನವರಿ 3ರಂದು, ಬೆಲ್ಜಿಯಂ ದೇಶದ ಟ್ರೆಮೆಲೊ ಗ್ರಾಮದ ರೈತ ಕುಟುಂಬದಲ್ಲಿ. ಯೇಸು ಮರಿಯರ ಪವಿತ್ರ ಹೃದಯಗಳ ಸಭೆ ಸೇರಿದರು. ಹವಾಯಿಗೆ ಹೋಗಬೇಕಿದ್ದವರು ಅದೇ ಸಭೆಯಲ್ಲಿದ್ದ ಅವರ ಅಣ್ಣ. ಅಣ್ಣ ಜ್ವರ ಬಂದು ಮಲಗಿದಾಗ ತಮ್ಮ ಹೊರಟರು. 1864ರಲ್ಲಿ ಹೊನೊಲುಲುವಿನಲ್ಲಿ ಗುರುದೀಕ್ಷೆಯಾಯಿತು.

ಕುಷ್ಠರೋಗಕ್ಕೆ ಆಗ ಔಷಧಿಯಿರಲಿಲ್ಲ. ಹವಾಯಿಯ ಸರ್ಕಾರ 1866ರಿಂದ ರೋಗಿಗಳನ್ನು ಮನೆಮಂದಿಯಿಂದ ಬಿಡಿಸಿ ಮೊಲೊಕಾಯಿ ದ್ವೀಪದ ಒಂದು ಮೂಲೆಗೆ ಸಾಗಿಸುತ್ತಿತ್ತು. ಮೂರು ಕಡೆ ಕಡಲು, ಹಿಂದೆ ಗೋಡೆಯಂತಹ ಬೆಟ್ಟ. 1873ರ ಮೇ 10ರಂದು ದಮಿಯಾನರು ಅಲ್ಲಿಗೆ ಬಂದಿಳಿದರು. ಮೊದಲ ರಾತ್ರಿಗಳನ್ನು ಕಳೆದದ್ದು ನಮ್ಮ ಕೇದಗೆಯ ಜಾತಿಯ ಒಂದು ಮರದಡಿ. ಹುಣ್ಣು ತೊಳೆದರು, ಮನೆ ಕಟ್ಟಿದರು, ನೀರು ತರಿಸಿದರು; ಶವಪೆಟ್ಟಿಗೆಗಳನ್ನು ತಾವೇ ಮಾಡಿ, ಗುಂಡಿ ತೋಡಿ ಹೂತರು. ರೋಗಿಗಳೊಡನೆ ಒಂದೇ ಬಟ್ಟಲಿಗೆ ಕೈಯಿಟ್ಟು ಉಂಡರು.

ಆದರೆ ನನ್ನ ಮನಸ್ಸಿಗೆ ನಾಟುವುದು ಬೇರೊಂದು ಘಟನೆ. ಪಾಪನಿವೇದನೆ ಕೇಳಲು ಅಲ್ಲಿ ಇನ್ನೊಬ್ಬ ಗುರುಗಳಿರಲಿಲ್ಲ. ಒಮ್ಮೆ ಸಭೆಯ ಮೇಲಧಿಕಾರಿಗಳು ಹಡಗಿನಲ್ಲಿ ಬಂದರೂ ಕಪ್ತಾನ ಅವರನ್ನು ಇಳಿಯಲು ಬಿಡಲಿಲ್ಲ, ದಮಿಯಾನರನ್ನು ಹತ್ತಲೂ ಬಿಡಲಿಲ್ಲ. ಚಿಕ್ಕ ದೋಣಿಯಲ್ಲಿ ನಿಂತು, ಎಲ್ಲರೂ ನೋಡುತ್ತಿರುವಾಗಲೇ, ಅವರು ಫ್ರೆಂಚ್ ಭಾಷೆಯಲ್ಲಿ ತಮ್ಮ ಪಾಪಗಳನ್ನು ಕೂಗಿ ಹೇಳಿ ಕ್ಷಮೆ ಪಡೆದರು. ಆ ಶವಪೆಟ್ಟಿಗೆಗಳನ್ನು ಮಾಡಿದ ಕೈಗಳಿಗೆ ಬಲ ಎಲ್ಲಿಂದ ಬರುತ್ತಿತ್ತೆಂದು ನನಗೆ ತಿಳಿಯುವುದು ಆ ದೋಣಿಯನ್ನು ನೆನೆದಾಗ.

1884ರ ಕೊನೆಯಲ್ಲಿ ಒಂದು ದಿನ ಕಾಲನ್ನು ಕುದಿನೀರಿನಲ್ಲಿಟ್ಟರು. ಚರ್ಮ ಬೆಂದರೂ ನೋವಾಗಲಿಲ್ಲ. ರೋಗ ತಮಗೂ ಹಿಡಿದಿದೆಯೆಂದು ಗೊತ್ತಾಯಿತು. ಕೆಲಸ ನಿಲ್ಲಿಸಲಿಲ್ಲ. 1889ರ ಏಪ್ರಿಲ್ 15ರಂದು, 49ನೇ ವಯಸ್ಸಿನಲ್ಲಿ ಪ್ರಾಣಬಿಟ್ಟರು.

ಅದೇ ವರ್ಷ ಹೊನೊಲುಲುವಿನ ಪ್ರೊಟೆಸ್ಟಂಟ್ ಬೋಧಕ ಹೈಡ್ ಎಂಬವರು ಪತ್ರವೊಂದರಲ್ಲಿ ದಮಿಯಾನರನ್ನು ಕೊಳಕರೆಂದೂ ಹಟಮಾರಿಯೆಂದೂ ಜರೆದರು. ಅವರ ನಡತೆಯ ಮೇಲೂ ಕೆಸರೆರಚಿದರು. ಪತ್ರ ಪತ್ರಿಕೆಗಳಲ್ಲಿ ಅಚ್ಚಾಯಿತು. ಉತ್ತರ ಕೊಟ್ಟವರು ಕಥೋಲಿಕರಲ್ಲ, ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಮನೆತನದ ಕಾದಂಬರಿಕಾರ ಸ್ಟೀವನ್‌ಸನ್. ದಮಿಯಾನರು ತೀರಿದ ಮರುತಿಂಗಳೇ ಅವರು ಮೊಲೊಕಾಯಿಗೆ ಹೋಗಿ, ರೋಗಿಗಳ ನಡುವೆ ಓಡಾಡಿ, ಕಣ್ಣಾರೆ ಕಂಡು ಬಂದಿದ್ದರು. 1890ರ ಅವರ ಬಹಿರಂಗ ಪತ್ರ ದಮಿಯಾನರ ದೋಷಗಳನ್ನು ಮುಚ್ಚಿಡಲಿಲ್ಲ. ಒರಟು ಮಾತು, ಹಟ, ಅಚ್ಚುಕಟ್ಟಿಲ್ಲದ ಕೆಲಸ, ಎಲ್ಲವನ್ನೂ ಒಪ್ಪಿಕೊಂಡೇ, ಉಳಿದವರು ದಡದಲ್ಲಿ ಕುಳಿತಿದ್ದಾಗ ಆ ಊರಿಗೆ ಹೋಗಿ ನೆಲೆಸಿದವರು ಯಾರೆಂದು ಕೇಳಿತು. ಕೋಪಿಷ್ಠರಲ್ಲಿ ವಿಶ್ವಾಸವಿಲ್ಲವೆಂದು ನಾವು ಎಷ್ಟು ಬೇಗ ತೀರ್ಪು ಕೊಡುತ್ತೇವೆ, ಅಲ್ಲವೇ?

1936ರಲ್ಲಿ ಅವರ ದೇಹವನ್ನು ಬೆಲ್ಜಿಯಂಗೆ ಕೊಂಡೊಯ್ದರು. ಮೊಲೊಕಾಯಿಯ ಸಮಾಧಿ ಬರಿದಾಯಿತು. 2009ರಲ್ಲಿ ಸಂತ ಪದವಿಗೇರಿದ ಅವರಿಗೆ ಪುನೀತ ಪದವಿ ದೊರೆತದ್ದು 1995ರಲ್ಲಿ. ಆ ವರ್ಷವೇ ಅವರ ಬಲಗೈಯ ಅವಶೇಷವನ್ನು ದ್ವೀಪದ ಜನರಿಗೆ ಹಿಂದಿರುಗಿಸಲಾಯಿತು. ಅದನ್ನು ಹಳೆಯ ಸಮಾಧಿಯಲ್ಲೇ ಮತ್ತೆ ಹೂಳಿದರು.